ಹುಟ್ಟುಗುಣವೂ ಕಲಿತ ವಿದ್ಯೆಯೂ: ಕಲ್ಪಿತ ಕುಲಗಳ ಆಟದಲ್ಲಿ ಐವತ್ತು ವರ್ಷಗಳ ಒಂದು ವಿಚಾರ

ಕನ್ನಡಿಗರ ಮನೆಮಾತಿನಲ್ಲಿ ಎರಡು ಗಾದೆಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಒಂದು. ‘ಹಾಡುತ್ತ ಹಾಡುತ್ತ ರಾಗ’ ಎಂಬುದು ಇನ್ನೊಂದು. ಮೊದಲನೆಯದು ಜನ್ಮದ ಪಕ್ಷವನ್ನು ಹಿಡಿಯುವುದು. ಎರಡನೆಯದು ಅಭ್ಯಾಸದ ಪಕ್ಷವನ್ನು. ಮಹಾಭಾರತದ ಕರ್ಣನಲ್ಲಿ ಈ ಎರಡೂ ಒಂದೇ ದೇಹದಲ್ಲಿ ಬಂದು ಸೇರಿವೆ. ಅವನ ಕವಚಕುಂಡಲಗಳು ಹುಟ್ಟಿನೊಡನೆ ಬಂದುವು. ಅವನ್ನು ಯಾವ ಗುರುವೂ ಕಲಿಸಲಿಲ್ಲ. ಅವನ ಅಸ್ತ್ರವಿದ್ಯೆ ಪರಶುರಾಮನ ಸೇವೆಮಾಡಿ ಸಂಪಾದಿಸಿದುದು. ಅದನ್ನು ಯಾವ ತಾಯಿಯೂ ಹೆತ್ತು ಕೊಡಲಿಲ್ಲ. ಹೀಗಿದ್ದರೂ ಅಸ್ತ್ರಪರೀಕ್ಷೆಯ ರಂಗದಲ್ಲಿ ಅವನು ಬಿಲ್ಲು ಹಿಡಿದು ನಿಂತಾಗ ಸಭೆಯಲ್ಲಿ ಎದ್ದ ಪ್ರಶ್ನೆ ಅವನ ಕುಲವನ್ನು ಕುರಿತದ್ದಾಗಿತ್ತು. ವಿದ್ಯೆಯನ್ನು ಅಳೆಯಬೇಕಾದೆಡೆಯಲ್ಲಿ ಹುಟ್ಟನ್ನು ಅಳೆಯುವ ಈ ರೂಢಿ ಬಹು ಹಳೆಯದು.

ಈ ಹಳೆಯ ವಿಚಾರವು ಇಪ್ಪತ್ತನೆಯ ಶತಮಾನದ ಕೊನೆಯ ಕಾಲದಲ್ಲಿ, ಯಾರೂ ನಿರೀಕ್ಷಿಸದ ಒಂದು ಎಡೆಯಲ್ಲಿ ಮತ್ತೆ ತಲೆಯೆತ್ತಿತು. ಅಮೆರಿಕ ದೇಶದಲ್ಲಿ ಹುಟ್ಟಿ ಲೋಕದ ಹಲವು ಕಡೆಗೆ ಹರಡಿದ, ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣೆಯ ಆಟವೇ ಆ ಎಡೆ. ಆಟವೆಂದ ಮಾತ್ರಕ್ಕೆ ಇದು ಹಗುರವಾದ ಸಂಗತಿಯೆಂದು ತಿಳಿಯಬೇಕಾದುದಿಲ್ಲ. ಕಥೆಗಾರನು ‘ಅವರ ಕುಲವೇ ಅಂಥದು’ ಎಂದು ಒಂದು ಮಾತು ಹೇಳಿ ಮುಂದೆ ಸಾಗಬಹುದು; ಕೇಳುವವನು ಅದರ ಅರ್ಥವನ್ನು ಬಿಡಿಸಿ ನೋಡುವುದಿಲ್ಲ. ಆಟದ ನಿಯಮವನ್ನು ಬರೆಯುವವನಿಗೆ ಆ ಸೌಕರ್ಯವಿಲ್ಲ. ಯಾವ ಕುಲಕ್ಕೆ ಯಾವ ಶಕ್ತಿ, ಎಷ್ಟು ಅಂಶ, ಯಾವ ಕಾರಣದಿಂದ ಎಂಬುದನ್ನು ಅವನು ಅಂಕಿಯಲ್ಲಿ ಬರೆಯಲೇಬೇಕು. ಬರೆದ ಅಂಕಿಯನ್ನು ಸಾವಿರಾರು ಜನ ಪ್ರತಿವಾರವೂ ಕೂಡಿಸಿ ಕಳೆದು ನೋಡುವರು. ಆದುದರಿಂದ ಈ ಆಟದ ಐವತ್ತು ವರ್ಷಗಳ ನಿಯಮಪುಸ್ತಕಗಳು, ಹುಟ್ಟು ಯಾವುದು ಕಲಿಕೆ ಯಾವುದು ಎಂಬ ವಿಷಯದಲ್ಲಿ ಜನರ ಎಣಿಕೆ ಹೇಗೆ ಬದಲಾಯಿತೆಂಬುದಕ್ಕೆ ಒಂದು ಸ್ಪಷ್ಟವಾದ ದಾಖಲೆಯಾಗಿವೆ.

೧

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ನಾಲ್ಕಾರು ಮಂದಿ ಒಂದೆಡೆ ಕೂಡುವರು. ಅವರಲ್ಲೊಬ್ಬನು ಸೂತ್ರಧಾರ, ಕಲ್ಪಿತ ಲೋಕವನ್ನು ಮಾತಿನಲ್ಲಿ ವರ್ಣಿಸುವುದೂ ತೀರ್ಪು ಹೇಳುವುದೂ ಅವನ ಕೆಲಸ. ಮಿಕ್ಕವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಧರಿಸಿ, ಆ ಪಾತ್ರವು ಏನು ಮಾಡುವುದೆಂಬುದನ್ನು ಹೇಳುವರು. ಫಲವು ಸಂದೇಹಾಸ್ಪದವಾದೆಡೆಯಲ್ಲಿ ದಾಳವನ್ನು ಉರುಳಿಸುವರು. ಪ್ರತಿ ಪಾತ್ರಕ್ಕೂ ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು ಎಂಬ ಆರು ಗುಣಗಳುಂಟು. ಮೂಲದ ಪದ್ಧತಿಯಲ್ಲಿ ಮೂರು ದಾಳಗಳನ್ನು ಎಸೆದು, ೩ರಿಂದ ೧೮ರ ವರೆಗಿನ ಒಂದು ಅಂಕಿಯನ್ನು ಪ್ರತಿ ಗುಣಕ್ಕೂ ಗೊತ್ತುಮಾಡುತ್ತಿದ್ದರು. ಇದಲ್ಲದೆ ಪಾತ್ರಕ್ಕೆ ಯೋಧ, ಮಾಂತ್ರಿಕ, ಪುರೋಹಿತ ಎಂಬಂತೆ ಒಂದು ವೃತ್ತಿಯುಂಟು. ಅನುಭವ ಕೂಡಿದ ಹಾಗೆಲ್ಲ ಪಾತ್ರವು ಆ ವೃತ್ತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದು. ಕೊನೆಯದಾಗಿ, ಪಾತ್ರವು ಮನುಷ್ಯಕುಲದ್ದೇ ಆಗಬೇಕೆಂಬ ನಿರ್ಬಂಧವಿಲ್ಲ. ನೀಳದೇಹದ ದೀರ್ಘಾಯುಗಳಾದ ಎಲ್ಫರು, ಗಣಿಗಳಲ್ಲಿ ವಾಸಿಸುವ ಕುಳ್ಳದೇಹದ ಗಡ್ಡಧಾರಿಗಳಾದ ಡ್ವಾರ್ಫರು, ಮಕ್ಕಳಷ್ಟೇ ಎತ್ತರದ ಹಾಫ್‌ಲಿಂಗರು ಮೊದಲಾದ ಕುಲಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾದುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸನೂ ಮಿನೆಸೋಟದ ಡೇವ್ ಆರ್ನೆಸನ್ನನೂ ಇದರ ಕರ್ತರು. ಗೈಗ್ಯಾಕ್ಸನು ಜೆಫ್ ಪೆರೆನ್ನನೊಡನೆ ಸೇರಿ ೧೯೭೧ರಲ್ಲಿ ‘ಚೈನ್‌ಮೇಲ್’ ಎಂಬ ಯುದ್ಧಕ್ರೀಡೆಯ ನಿಯಮಗಳನ್ನು ಪ್ರಕಟಿಸಿದ್ದನು. ಸೀಸದ ಚಿಕ್ಕ ಸೈನಿಕರನ್ನು ಮೇಜಿನ ಮೇಲೆ ಹೂಡಿ ಆಡುವ ಆ ಆಟದ ಕೊನೆಯಲ್ಲಿ ಎಲ್ಫರೂ ಡ್ವಾರ್ಫರೂ ಬರುವ ಒಂದು ಅನುಬಂಧವಿದ್ದಿತು. ಆರ್ನೆಸನ್ನನು ಅದನ್ನು ಹಿಡಿದು, ಸೈನ್ಯದ ಬದಲು ಒಬ್ಬೊಬ್ಬ ವೀರನನ್ನೇ ನಡೆಸುವ ಆಟವನ್ನು ತನ್ನ ಗೆಳೆಯರೊಡನೆ ಬೆಳೆಸಿದನು. ಇವೆರಡೂ ಕೂಡಿ ೧೯೭೪ರಲ್ಲಿ ಮೂರು ಕಿರುಪುಸ್ತಕಗಳಾಗಿ ಒಂದು ಪೆಟ್ಟಿಗೆಯಲ್ಲಿ ಹೊರಬಂದುವು. ಮೊದಲ ಮುದ್ರಣ ೧೦೦೦ ಪ್ರತಿ. ಬೆಲೆ ೧೦ ಡಾಲರು.

ಆಟದ ಕುಲಗಳು ಎಲ್ಲಿಂದ ಬಂದುವೆಂಬುದು ಪ್ರಕೃತ ವಿಚಾರಕ್ಕೆ ಮುಖ್ಯವಾದುದು. ಉತ್ತರ ಯೂರೋಪಿನ ಪುರಾಣಗಳು ಅವುಗಳ ಮೂಲ. ಆದರೆ ಹತ್ತಿರದ ಆಕರವೆಂದರೆ ಇಂಗ್ಲೆಂಡಿನ ಜೆ. ಆರ್. ಆರ್. ಟೋಲ್ಕಿನ್ನನ ಕಥೆಗಳು. ಆತನ ‘ದಿ ಹಾಬಿಟ್’ ೧೯೩೭ರಲ್ಲಿಯೂ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ೧೯೫೪–೫೫ರಲ್ಲಿಯೂ ಪ್ರಕಟವಾದುವು. ಆಟದ ಮೊದಲ ಮುದ್ರಣಗಳಲ್ಲಿ ಹಾಬಿಟ್ಟರ ಹೆಸರೇ ಇದ್ದಿತು; ೧೯೭೭ರಲ್ಲಿ ಹಕ್ಕುದಾರರ ಕಡೆಯಿಂದ ಆಕ್ಷೇಪಣೆ ಬಂದಮೇಲೆ ಅದು ಹಾಫ್‌ಲಿಂಗ್ ಎಂದು ಬದಲಾಯಿತು. ಪುರಾಣದಲ್ಲಿಯೂ ಟೋಲ್ಕಿನ್ನನಲ್ಲಿಯೂ ಒಂದು ಕುಲವೆಂದರೆ ಒಂದು ನಾಡು, ಒಂದು ನುಡಿ, ಒಂದು ಕಸುಬು, ಒಂದು ಮೈಕಟ್ಟು ಎಲ್ಲವೂ ಸೇರಿದ ಗಂಟು. ಡ್ವಾರ್ಫನು ಕುಳ್ಳನೂ ಹೌದು, ಕಮ್ಮಾರನೂ ಹೌದು, ಗಣಿಗಾರನೂ ಹೌದು. ಕಥೆಯಲ್ಲಿ ಆ ಗಂಟನ್ನು ಬಿಚ್ಚಬೇಕಾದ ಪ್ರಮೇಯವೇ ಬರುವುದಿಲ್ಲ. ಆಟಕ್ಕೆ ಬಂದದ್ದು ಬಿಚ್ಚದೆ ಉಳಿದ ಈ ಗಂಟೇ.

೨

೧೯೭೪ರ ಪುಸ್ತಕವು ಡ್ವಾರ್ಫರ ವಿಷಯದಲ್ಲಿ ಹೇಳುವುದು ಕೆಲವೇ ಸಾಲುಗಳು. ಅವರಿಗೆ ಮಂತ್ರದ ಏಟನ್ನು ತಡೆಯುವ ಶಕ್ತಿ ಹೆಚ್ಚು. ನೆಲದಡಿಯಲ್ಲಿ ಇಳಿಜಾರಾದ ದಾರಿಗಳನ್ನೂ, ಬೋನುಗಳನ್ನೂ, ಸರಿಯುವ ಗೋಡೆಗಳನ್ನೂ, ಹೊಸದಾಗಿ ಕಟ್ಟಿದ ಕಟ್ಟಡವನ್ನೂ ಅವರು ಗುರುತಿಸುವರು. ನೋಮ್, ಕೋಬಾಲ್ಡ್, ಗಾಬ್ಲಿನ್‌ಗಳ ಭಾಷೆಯನ್ನು ಆಡುವರು. ಈ ಮೂರನ್ನು ಬೇರೆ ಬೇರೆಯಾಗಿ ಇಟ್ಟು ನೋಡಿದರೆ ಅವು ಮೂರು ಜಾತಿಯ ಸಂಗತಿಗಳೆಂದು ಒಡನೆಯೇ ತಿಳಿಯುವುದು. ಮಂತ್ರವನ್ನು ತಡೆಯುವುದು ದೇಹಧರ್ಮ. ಹೊಸ ಕಟ್ಟಡವನ್ನು ಗುರುತಿಸುವುದು ಕಲ್ಲುಕುಟಿಗನ ಮಗನಿಗೆ ತಂದೆಯ ಬಳಿ ನಿಂತು ಬಂದ ತಿಳಿವಳಿಕೆ. ಪರಭಾಷೆಯನ್ನು ಆಡುವುದು ಶುದ್ಧವಾದ ಕಲಿಕೆ. ನೆರೆಯವರ ನುಡಿಯನ್ನು ಕೇಳದೆ ಯಾವ ಕೂಸೂ ಅದನ್ನು ಆಡಲಾರದು. ಪುಸ್ತಕದಲ್ಲಾದರೋ ಮೂರೂ ಒಂದೇ ವಾಕ್ಯಸಮುದಾಯದಲ್ಲಿ, ಒಂದೇ ಬಗೆಯ ಕುಲಸಂಪತ್ತಾಗಿ ಬಂದಿವೆ.

ಇದಕ್ಕಿಂತ ಘನವಾದ ಇನ್ನೊಂದು ನಿಯಮವಿದ್ದಿತು. ಮನುಷ್ಯನು ತನ್ನ ವೃತ್ತಿಯಲ್ಲಿ ಎಷ್ಟು ಮೆಟ್ಟಿಲಾದರೂ ಏರಬಹುದು. ಡ್ವಾರ್ಫನು ಯೋಧನು ಮಾತ್ರ ಆಗಬಹುದು. ೬ನೆಯ ಮೆಟ್ಟಿಲನ್ನು ದಾಟುವಂತಿಲ್ಲ. ಹಾಬಿಟ್ಟನು ಯೋಧನಾಗಿ ೪ನೆಯ ಮೆಟ್ಟಿಲಿನಲ್ಲಿ ನಿಲ್ಲಬೇಕು. ಎಲ್ಫನು ಯೋಧನಾಗಿ ೪ನೆಯದರಲ್ಲಿ, ಮಾಂತ್ರಿಕನಾಗಿ ೮ನೆಯದರಲ್ಲಿ ನಿಲ್ಲಬೇಕು. ಹುಟ್ಟು ಒಬ್ಬನಿಗೆ ಮೊದಲೇ ಸ್ವಲ್ಪ ಬಂಡವಾಳವನ್ನು ಕೊಡುವುದೆಂದರೆ ಅದು ಒಂದು ಮಾತು. ಎಷ್ಟು ವರ್ಷ ದುಡಿದರೂ ಎಷ್ಟು ಅನುಭವ ಪಡೆದರೂ ಇಂಥ ಕುಲದವನು ಇದಕ್ಕಿಂತ ಹೆಚ್ಚು ಕಲಿಯಲಾರನೆಂಬುದು ಬೇರೆಯೇ ಮಾತು. ಈ ನಿಯಮದಲ್ಲಿ ಹುಟ್ಟು ಕಲಿಕೆಯ ಪಕ್ಕದಲ್ಲಿ ನಿಲ್ಲದೆ ಅದರ ತಲೆಯ ಮೇಲೆ ಕುಳಿತಿತು. ಮನುಷ್ಯನಲ್ಲದ ಪಾತ್ರಗಳಿಗೆ ಆರಂಭದಲ್ಲಿಯೇ ಹಲವು ಲಾಭಗಳಿದ್ದುದರಿಂದ, ಎಲ್ಲರೂ ಅವನ್ನೇ ಆರಿಸಿ ಆಟದ ಲೋಕದಲ್ಲಿ ಮನುಷ್ಯರ ಪ್ರಾಧಾನ್ಯವು ತಪ್ಪಬಾರದೆಂಬುದು ಇದರ ಉದ್ದೇಶ. ೧೯೭೯ರಲ್ಲಿ ಸೂತ್ರಧಾರನಿಗಾಗಿ ಬರೆದ ಗ್ರಂಥದಲ್ಲಿ ಗೈಗ್ಯಾಕ್ಸನು ಆಟದ ಲೋಕವು ಮಾನವಕೇಂದ್ರಿತವಾಗಿಯೇ ಇರಬೇಕೆಂದು ವಾದಿಸಿದ್ದಾನೆ. ತೂಕವನ್ನು ಸರಿಮಾಡುವ ಯುಕ್ತಿಯೊಂದು ಹೀಗೆ ಕುಲಸ್ವಭಾವದ ವೇಷವನ್ನು ತೊಟ್ಟಿತು.

೧೯೭೮ರಲ್ಲಿ ಗೈಗ್ಯಾಕ್ಸನ ವಿಸ್ತೃತ ಆಟಗಾರರ ಕೈಪಿಡಿ ಹೊರಬಂದಾಗ ಇವೆಲ್ಲವೂ ಕರಾರುವಾಕ್ಕಾದ ಅಂಕಿಗಳಾದುವು. ಡ್ವಾರ್ಫನಿಗೆ ದೇಹದಾರ್ಢ್ಯದಲ್ಲಿ ೧ ಹೆಚ್ಚು, ವರ್ಚಸ್ಸಿನಲ್ಲಿ ೧ ಕಡಮೆ. ಎಲ್ಫನಿಗೆ ಚುರುಕಿನಲ್ಲಿ ೧ ಹೆಚ್ಚು, ದೇಹದಾರ್ಢ್ಯದಲ್ಲಿ ೧ ಕಡಮೆ. ಅರ್ಧ ಓರ್ಕನಿಗೆ ಬಲದಲ್ಲಿಯೂ ದಾರ್ಢ್ಯದಲ್ಲಿಯೂ ೧ ಹೆಚ್ಚು, ವರ್ಚಸ್ಸಿನಲ್ಲಿ ೨ ಕಡಮೆ. ಎಲ್ಫನಿಗೆ ನಿದ್ರಾಮಂತ್ರವನ್ನೂ ಮೋಹನಮಂತ್ರವನ್ನೂ ತಡೆಯುವ ಶಕ್ತಿ ನೂರಕ್ಕೆ ೯೦. ಅದೇ ಪಟ್ಟಿಯಲ್ಲಿ ಬಿಲ್ಲಿಗೂ ಕತ್ತಿಗೂ ೧ ಹೆಚ್ಚು. ಡ್ವಾರ್ಫನು ನೆಲದ ಇಳಿಜಾರನ್ನು ಗುರುತಿಸುವ ಸಂಭವ ನೂರಕ್ಕೆ ೭೫, ಕಲ್ಲಿನ ಬೋನನ್ನು ಗುರುತಿಸುವ ಸಂಭವ ನೂರಕ್ಕೆ ೫೦. ಹೆಂಗಸರ ಬಲಕ್ಕೂ ಗಂಡಸರಿಗಿಂತ ಕೆಳಗಿನ ಒಂದು ಮಿತಿಯನ್ನು ಆ ಕೈಪಿಡಿಯು ಗೊತ್ತುಮಾಡಿತು. ೧೯೮೯ರ ಎರಡನೆಯ ಆವೃತ್ತಿಯಲ್ಲಿ ಅದು ಹೋಯಿತು.

ಈ ಕಾಲದ ನಿಯಮಗಳಲ್ಲಿ ಒಂದು ಒಗಟು ಅಡಗಿದೆ. ೧೯೭೯ರ ಗ್ರಂಥದಲ್ಲಿ ಪಾತ್ರಗಳ ಆರಂಭದ ವಯಸ್ಸಿಗೆ ಒಂದು ಕೋಷ್ಟಕವುಂಟು. ಮನುಷ್ಯ ಮಾಂತ್ರಿಕನು ತನ್ನ ೨೬ರಿಂದ ೪೦ರ ವಯಸ್ಸಿನೊಳಗೆ ಮೊದಲ ಮೆಟ್ಟಿಲಿನಲ್ಲಿ ನಿಲ್ಲುವನು. ಎಲ್ಫ್ ಮಾಂತ್ರಿಕನು ಅದೇ ಮೊದಲ ಮೆಟ್ಟಿಲಿಗೆ ಬರುವುದು ೧೫೫ರಿಂದ ೧೮೦ರ ವಯಸ್ಸಿನೊಳಗೆ. ಒಂದೂವರೆ ಶತಮಾನ ಬದುಕಿದವನು ಮೂವತ್ತು ವರ್ಷದವನಷ್ಟೇ ಕಲಿತಿರುವನು! ಮುಂದೆಯೂ ಆ ಎಲ್ಫನು ೧೧ನೆಯ ಮೆಟ್ಟಿಲನ್ನು ಮೀರುವಂತಿಲ್ಲ. ದೀರ್ಘಾಯುಸ್ಸು ನಿಜವಾಗಿ ಹುಟ್ಟಿನಿಂದ ಬಂದ ವರ. ಅದು ಕೊಡುವುದು ಕಲಿಯುವುದಕ್ಕೆ ಬೇಕಾದ ಕಾಲ. ಹಾಗೆ ನೋಡಿದರೆ ಎಲ್ಫನ ಕತ್ತಿಯ ಕೌಶಲವು ರಕ್ತದಿಂದ ಬಂದುದಲ್ಲ, ನೂರು ವರ್ಷದ ಗರಡಿಯಿಂದ ಬಂದುದು ಎಂದು ಸಲೀಸಾಗಿ ಹೇಳಬಹುದಾಗಿತ್ತು. ನಿಯಮಕರ್ತರು ಹಾಗೆ ಹೇಳಲಿಲ್ಲ. ಹುಟ್ಟಿನ ವರವನ್ನು ಒಂದು ಪುಟದಲ್ಲಿಯೂ ಕಲಿಕೆಯ ಮಿತಿಯನ್ನು ಇನ್ನೊಂದು ಪುಟದಲ್ಲಿಯೂ ಬರೆದು, ಎರಡಕ್ಕೂ ಸಂಬಂಧ ಕಲ್ಪಿಸದೆ ಬಿಟ್ಟರು.

ಈ ದಾರಿಯ ತುದಿಯನ್ನು ಮುಟ್ಟಿದುದು ೧೯೮೧ರಲ್ಲಿ ಟಾಮ್ ಮೋಲ್ಡ್‌ವೇ ಎಂಬಾತನು ಹೊಸದಾಗಿ ಆಡುವವರಿಗಾಗಿ ಸಿದ್ಧಪಡಿಸಿದ ಪೆಟ್ಟಿಗೆ. ಅದರಲ್ಲಿ ಮನುಷ್ಯನು ಯೋಧ, ಪುರೋಹಿತ, ಮಾಂತ್ರಿಕ, ಕಳ್ಳ ಎಂಬ ವೃತ್ತಿಗಳಲ್ಲಿ ಒಂದನ್ನು ಆರಿಸಿಕೊಳ್ಳುವನು. ಡ್ವಾರ್ಫ್, ಎಲ್ಫ್, ಹಾಫ್‌ಲಿಂಗ್ ಎಂಬುವು ಅಲ್ಲಿ ತಾವೇ ವೃತ್ತಿಗಳು. ಎಲ್ಫನಾದವನಿಗೆ ಎಲ್ಫನಾಗಿರುವುದೇ ಉದ್ಯೋಗ. ಆಡುವುದಕ್ಕೆ ಇದು ಬಹು ಸುಲಭವಾಗಿದ್ದಿತು. ಹೊಸಬರಿಗೆ ಹಿತವೂ ಆಯಿತು. ಆದರೆ ಜನ್ಮವನ್ನೂ ಜೀವನೋಪಾಯವನ್ನೂ ಒಂದೇ ಹೆಸರಿನಿಂದ ಕರೆಯುವ ಏರ್ಪಾಡು ಯಾವುದನ್ನು ಹೋಲುವುದೆಂದು ಭರತಖಂಡದ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

೩

ಎಲ್ಲರೂ ಇದೇ ದಾರಿಯಲ್ಲಿ ನಡೆದರೆಂದಲ್ಲ. ೧೯೭೮ರಲ್ಲಿಯೇ ಕ್ಯಾಲಿಫೋರ್ನಿಯದ ಕೇಯಾಸಿಯಂ ಸಂಸ್ಥೆಯು ‘ರೂನ್‌ಕ್ವೆಸ್ಟ್’ ಎಂಬ ಆಟವನ್ನು ಪ್ರಕಟಿಸಿತು. ಅದರಲ್ಲಿ ವೃತ್ತಿಗಳೂ ಇಲ್ಲ, ಮೆಟ್ಟಿಲುಗಳೂ ಇಲ್ಲ. ಪ್ರತಿಯೊಂದು ವಿದ್ಯೆಗೂ ನೂರಕ್ಕೆ ಇಷ್ಟೆಂಬ ಅಂಶವಿರುವುದು. ಪಾತ್ರವು ಒಂದು ವಿದ್ಯೆಯನ್ನು ಪ್ರಯೋಗಿಸಿ ಗೆದ್ದರೆ ಅದಕ್ಕೆ ಗುರುತು ಹಾಕುವರು. ಸಾಹಸವು ಮುಗಿದ ಮೇಲೆ ಮತ್ತೆ ದಾಳವೆಸೆದು ಆ ವಿದ್ಯೆ ವೃದ್ಧಿಯಾಯಿತೇ ಎಂದು ನೋಡುವರು. ಬಲ್ಲವನಿಗೆ ಮುಂದಕ್ಕೆ ಕಲಿಯುವುದು ಕಷ್ಟ, ಅರಿಯದವನಿಗೆ ಸುಲಭ ಎಂಬ ಲೋಕಾನುಭವವೂ ಆ ಲೆಕ್ಕದಲ್ಲಿ ಅಡಕವಾಗಿದೆ. ದೈತ್ಯಾಕಾರದ ಟ್ರೋಲ್ ಕುಲದವನಿಗೆ ಬಲದ ದಾಳಗಳೇ ಬೇರೆ. ಮೈಕಟ್ಟು ಹುಟ್ಟಿನಿಂದ ಬರುವುದೆಂಬುದನ್ನು ಈ ಆಟವು ಅಲ್ಲಗಳೆಯಲಿಲ್ಲ. ಕತ್ತಿ, ಬಿಲ್ಲು, ಸವಾರಿಗಳನ್ನು ಮಾತ್ರ ಬಳಕೆಯ ಫಲವೆಂದು ಎಣಿಸಿತು. ೧೯೮೪ರ ಅದರ ಮೂರನೆಯ ಆವೃತ್ತಿಯಲ್ಲಿ ಪಾತ್ರವು ಬೆಳೆದ ಸಮಾಜವು ಅಲೆಮಾರಿಗಳದೋ ನಾಗರಿಕರದೋ ಎಂಬುದರ ಮೇಲೆ ಆರಂಭದ ವಿದ್ಯೆಗಳು ಗೊತ್ತಾಗುತ್ತಿದ್ದುವು.

ಅದೇ ೧೯೮೪ರಲ್ಲಿ ಟೋಲ್ಕಿನ್ನನ ಲೋಕವನ್ನೇ ಆಧರಿಸಿ ಐರನ್ ಕ್ರೌನ್ ಸಂಸ್ಥೆಯವರು ಪ್ರಕಟಿಸಿದ ಆಟದಲ್ಲಿ ಇನ್ನೂ ಒಂದು ಹೆಜ್ಜೆ ಮುಂದುವರಿದ ಏರ್ಪಾಡನ್ನು ಕಾಣಬಹುದು. ಅಲ್ಲಿ ಪ್ರತಿ ಜನಕ್ಕೂ ಎರಡು ಬಗೆಯ ಲೆಕ್ಕವುಂಟು. ದೇಹಗುಣಗಳಿಗೆ ಕೂಡುವ ಕಳೆಯುವ ಅಂಕಿಗಳು ಒಂದು ಕಡೆ. ಎಳೆಯ ವಯಸ್ಸಿನಲ್ಲಿ ಕಲಿತ ವಿದ್ಯೆಗಳ ಕೋಷ್ಟಕ ಇನ್ನೊಂದು ಕಡೆ. ಎಲ್ಫರಿಗೂ ಡ್ವಾರ್ಫರಿಗೂ ಹೇಗೋ ಹಾಗೆಯೇ ಮನುಷ್ಯರಲ್ಲಿ ಬೇರೆ ಬೇರೆ ನಾಡಿನವರಿಗೂ ಈ ಬಾಲ್ಯದ ಕೋಷ್ಟಕದಲ್ಲಿ ಬೇರೆ ಬೇರೆ ಸಾಲುಗಳಿವೆ. ಕುದುರೆಯ ನಾಡಿನ ಹುಡುಗನು ಸವಾರಿ ಕಲಿಯುವನು. ಕಾಡಿನ ಹುಡುಗನು ಕಾಡಿನ ಜಾಡನ್ನು ಕಲಿಯುವನು. ಗಂಟನ್ನು ಬಿಚ್ಚುವ ದಾರಿ ಹೀಗೆ ೧೯೮೪ರಷ್ಟು ಹಿಂದೆಯೇ ಅಚ್ಚಿನಲ್ಲಿದ್ದಿತು. ಆದರೆ ಬಹುಜನರು ಆಡುತ್ತಿದ್ದುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು. ಅದರಲ್ಲಿ ಬದಲಾವಣೆಯಾಗುವವರೆಗೆ ಲೋಕರೂಢಿಯು ಬದಲಾಗುವಂತಿರಲಿಲ್ಲ.

೪

ಆ ಬದಲಾವಣೆ ೨೦೦೦ದಲ್ಲಿ ಮೊದಲಾಯಿತು. ೧೯೯೭ರಲ್ಲಿ ಮೂಲಸಂಸ್ಥೆಯನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆಯು ಕೊಂಡುಕೊಂಡಿತ್ತು. ಅದು ಹೊರಡಿಸಿದ ಮೂರನೆಯ ಆವೃತ್ತಿಯಲ್ಲಿ ಕುಲಕ್ಕೆ ತಕ್ಕ ಮೆಟ್ಟಿಲಿನ ಮಿತಿ ಪೂರ್ತಿಯಾಗಿ ಹೋಯಿತು. ಯಾವ ಕುಲದವನು ಯಾವ ವೃತ್ತಿಯನ್ನಾದರೂ ಹಿಡಿದು ಎಷ್ಟಾದರೂ ಏರಬಹುದೆಂದಾಯಿತು. ಇಪ್ಪತ್ತಾರು ವರ್ಷ ಕಲಿಕೆಯ ತಲೆಯ ಮೇಲೆ ಕುಳಿತಿದ್ದ ಹುಟ್ಟು ಕೆಳಗಿಳಿಯಿತು.

ಹಾಗಾದರೂ ಪಟ್ಟಿಯಲ್ಲಿನ ಬೆರಕೆ ಉಳಿದೇ ಇದ್ದಿತು. ಒಂದು ವಿಧದಲ್ಲಿ ಅದು ಇನ್ನೂ ಎದ್ದು ಕಾಣತೊಡಗಿತು. ಡ್ವಾರ್ಫನನ್ನು ಹೊಡೆಯುವುದು ದೈತ್ಯರಿಗೆ ಕಷ್ಟವೆಂಬ ನಿಯಮ ಹಿಂದಿನಿಂದಲೂ ಇದ್ದಿತು. ಹೊಸ ಪುಸ್ತಕವು ಅದಕ್ಕೆ ಕಾರಣವನ್ನೂ ಕೊಟ್ಟಿತು: ಹಿಂದಿನ ತಲೆಮಾರಿನವರು ದೈತ್ಯರೊಡನೆ ಕಾದಿ ಕಂಡುಕೊಂಡ ವರಸೆಗಳನ್ನು ಡ್ವಾರ್ಫರು ವಿಶೇಷ ಶಿಕ್ಷಣದಿಂದ ಕಲಿಯುವರಂತೆ. ಓರ್ಕರ ಮೇಲೆ ಅವರಿಗಿರುವ ಮೇಲುಗೈಗೂ ಶಿಕ್ಷಣವೇ ಕಾರಣವೆಂದು ಹೇಳಲಾಯಿತು. ಆದರೆ ಈ ಲಾಭಗಳು ಬರೆಯಲ್ಪಟ್ಟಿರುವುದು ಕುಲಲಕ್ಷಣಗಳ ಪಟ್ಟಿಯಲ್ಲಿಯೇ. ಡ್ವಾರ್ಫನಾಗಿ ಹುಟ್ಟಿದ ಪ್ರತಿಯೊಬ್ಬನಿಗೂ ಅವು ಸಲ್ಲುವುವು. ಇಲ್ಲಿ ಆಟಗಾರರು ಒಂದು ಸರಳವಾದ ಪ್ರಶ್ನೆಯನ್ನು ಹಾಕತೊಡಗಿದರು. ಕೂಸಾಗಿದ್ದಾಗಲೇ ತಾಯಿತಂದೆಗಳನ್ನು ಕಳೆದುಕೊಂಡು, ಎಲ್ಫರ ಕಾಡಿನಲ್ಲಿ ಬೆಳೆದ ಡ್ವಾರ್ಫನೊಬ್ಬನಿದ್ದರೆ ಅವನು ದೈತ್ಯರನ್ನು ತಪ್ಪಿಸಿಕೊಳ್ಳುವ ವರಸೆಯನ್ನು ಎಲ್ಲಿ ಕಲಿತನು? ಅವನನ್ನು ಸಾಕಿದ ಎಲ್ಫರು ಬಿಲ್ಲನ್ನು ಕಲಿಸಲಿಲ್ಲವೇಕೆ? ಈ ಸಾಕುಮಗನ ಪ್ರಶ್ನೆಗೆ ಪುಸ್ತಕದ ಪಟ್ಟಿಯು ಉತ್ತರ ಕೊಡಲಾರದಾಗಿತ್ತು.

೨೦೦೮ರ ನಾಲ್ಕನೆಯ ಆವೃತ್ತಿಯಲ್ಲಿ ಕುಲದಿಂದ ಗುಣಗಳು ಕಡಮೆಯಾಗುವ ಅಂಕಿಗಳನ್ನು ತೆಗೆದುಹಾಕಿ, ಹೆಚ್ಚಾಗುವ ಅಂಕಿಗಳನ್ನು ಮಾತ್ರ ಉಳಿಸಿದರು. ೨೦೧೪ರ ಐದನೆಯ ಆವೃತ್ತಿಯಲ್ಲಿ ಡ್ವಾರ್ಫರಿಗೆ ವಿಷವನ್ನು ತಡೆಯುವ ಶಕ್ತಿಯ ಜೊತೆಯಲ್ಲಿಯೇ ಕೊಡಲಿ ಸುತ್ತಿಗೆಗಳ ಯುದ್ಧಾಭ್ಯಾಸವೂ, ಕಮ್ಮಾರ, ಗಾರೆಕೆಲಸ, ಮದ್ಯ ಕಾಯಿಸುವಿಕೆ ಇವುಗಳಲ್ಲೊಂದರ ಕೈಕೆಲಸವೂ ಕುಲದಿಂದಲೇ ಬರುತ್ತಿದ್ದುವು. ಅದೇ ಪುಸ್ತಕದಲ್ಲಿ ಪಾತ್ರದ ಹಿನ್ನೆಲೆಯೆಂಬ ಬೇರೊಂದು ಪ್ರಕರಣವಿದ್ದು, ಸೈನಿಕ, ಸಂನ್ಯಾಸಿ, ಕುಶಲಕರ್ಮಿ ಎಂಬಂತೆ ಹಿಂದಿನ ಜೀವನಕ್ಕೆ ತಕ್ಕ ವಿದ್ಯೆಗಳನ್ನು ಅದು ಕೊಡುತ್ತಿದ್ದಿತು. ಕಲಿಕೆಗೆ ಬೇರೆ ಮನೆ ಕಟ್ಟಿದ್ದರೂ ಅರ್ಧ ಸಾಮಾನು ಹುಟ್ಟಿನ ಮನೆಯಲ್ಲಿಯೇ ಉಳಿದಿತ್ತೆಂದು ಹೇಳಬಹುದು. ೨೦೧೬ರ ಒಂದು ಅನುಬಂಧ ಗ್ರಂಥದಲ್ಲಿ ಓರ್ಕ್ ಪಾತ್ರಕ್ಕೆ ಬುದ್ಧಿಯಲ್ಲಿ ೨ ಕಡಮೆಯೆಂದು ಬರೆದುದು ವಾದಕ್ಕೆ ಮತ್ತಷ್ಟು ಎಡೆಗೊಟ್ಟಿತು.

೫

ಈ ವಾದವು ಭರತಖಂಡವನ್ನು ನೇರವಾಗಿ ಮುಟ್ಟುವ ಒಂದು ಸ್ಥಾನವುಂಟು. ೨೦೧೯ರಲ್ಲಿ ಜೇಮ್ಸ್ ಮೆಂಡೆಜ್ ಹೋಡ್ಸ್ ಎಂಬ ಅಮೆರಿಕದ ಲೇಖಕನು ಓರ್ಕರ ಕಲ್ಪನೆಯನ್ನು ಬ್ರಿಟಿಷರ ‘ಯೋಧಜನಾಂಗ’ ವಾದದೊಡನೆ ಹೋಲಿಸಿ ಪ್ರಬಂಧವೊಂದನ್ನು ಬರೆದನು. ೧೮೫೭ರ ದಂಗೆಯ ನಂತರ ಹಿಂದುಸ್ಥಾನದ ಸೈನ್ಯದಲ್ಲಿ ಬಲಗೊಂಡ ಆ ವಾದದಂತೆ ಕೆಲವು ಜನಗಳು ಹುಟ್ಟುತ್ತಲೇ ಯೋಧರು, ಮಿಕ್ಕವರು ಹುಟ್ಟುತ್ತಲೇ ಯುದ್ಧಕ್ಕೆ ಅಯೋಗ್ಯರು. ೧೮೮೫ರಿಂದ ೧೮೯೩ರ ವರೆಗೆ ದೇಶದ ಮಹಾಸೇನಾಪತಿಯಾಗಿದ್ದ ರಾಬರ್ಟ್ಸನು ಈ ಮತದವನು. ಅದಕ್ಕೆ ಮೊದಲು ಅವನು ಮದರಾಸಿನ ಸೈನ್ಯಕ್ಕೆ ಅಧಿಪತಿಯಾಗಿದ್ದನು. ದಕ್ಷಿಣದವರನ್ನು ಸೈನ್ಯಕ್ಕೆ ಸೇರಿಸುವುದು ಕಡಮೆಯಾಗಿ ಉತ್ತರದ ಕೆಲವು ಜನಗಳಿಗೆ ಪ್ರಾಶಸ್ತ್ಯ ಬಂದುದು ಈ ಮತದ ಫಲವೇ. ಅದೇ ಮದರಾಸಿನ ಸಿಪಾಯಿಗಳು ಹದಿನೆಂಟನೆಯ ಶತಮಾನದಲ್ಲಿ ದಕ್ಷಿಣದ ಯುದ್ಧಗಳನ್ನೆಲ್ಲ ಕಾದಿದ್ದವರು. ಮಧ್ಯದಲ್ಲಿ ಬಹುಕಾಲ ಕದನವಿಲ್ಲದೆ ತಪ್ಪಿದ ಅಭ್ಯಾಸವನ್ನು ಅವರ ರಕ್ತದ ದೋಷವೆಂದು ಓದಿದುದೇ ಆ ವಾದದ ಮೂಲದಲ್ಲಿನ ತಪ್ಪು. ಬಲ ಹೆಚ್ಚು, ಬುದ್ಧಿ ಕಡಮೆ, ಯುದ್ಧದಲ್ಲಿ ಆಸಕ್ತಿ, ಒಬ್ಬ ಒಡೆಯನ ಅಂಕೆ ಬೇಕು ಎಂದು ಕಲ್ಪಿತ ಓರ್ಕನ ಮೇಲೆ ಬರೆದ ಲಕ್ಷಣಗಳು, ಒಂದು ಕಾಲಕ್ಕೆ ನಿಜವಾದ ಜನಗಳ ಮೇಲೆ ಸರ್ಕಾರದ ಕಾಗದಗಳಲ್ಲಿ ಬರೆದ ಲಕ್ಷಣಗಳನ್ನು ಹೋಲುತ್ತವೆಂಬುದು ವಿಮರ್ಶಕರ ಆಕ್ಷೇಪಣೆ. ಆಟದ ಪಟ್ಟಿಯಿಂದ ಯಾರಿಗೂ ಉದ್ಯೋಗ ತಪ್ಪಲಿಲ್ಲ. ಸೈನ್ಯದ ಪಟ್ಟಿಯಿಂದ ತಪ್ಪಿತು. ಆದರೂ ಎರಡು ಪಟ್ಟಿಗಳನ್ನು ಬರೆದ ಯೋಚನಾಕ್ರಮ ಒಂದೇ.

೨೦೨೦ರ ಜೂನ್ ತಿಂಗಳಿನಲ್ಲಿ ವಿಜರ್ಡ್ಸ್ ಸಂಸ್ಥೆಯು, ಓರ್ಕರೇ ಮೊದಲಾದ ಕುಲಗಳನ್ನು ಇನ್ನು ಮುಂದೆ ಮಿಕ್ಕವರಂತೆಯೇ ಬಹುಮುಖವಾದ ಜನಗಳಾಗಿ ಚಿತ್ರಿಸುವುದಾಗಿ ಪ್ರಕಟಣೆ ಹೊರಡಿಸಿತು. ಅದೇ ವರ್ಷ ನವೆಂಬರಿನ ಅನುಬಂಧ ಗ್ರಂಥವು, ಕುಲದಿಂದ ಬರುವ ಗುಣಾಂಕಗಳನ್ನು ಆಟಗಾರನು ತನಗೆ ಬೇಕಾದ ಗುಣಕ್ಕೆ ಸೇರಿಸಿಕೊಳ್ಳಬಹುದೆಂದೂ, ಕುಲದಿಂದ ಬರುವ ಆಯುಧಾಭ್ಯಾಸವನ್ನೂ ಭಾಷೆಯನ್ನೂ ಬೇರೆಯದಕ್ಕೆ ಬದಲಾಯಿಸಿಕೊಳ್ಳಬಹುದೆಂದೂ ವಿಧಿಸಿತು. ಓರ್ಕನ ಬುದ್ಧಿಯಿಂದ ಕಳೆದಿದ್ದ ಅಂಕಿಯನ್ನೂ ೨೦೨೦ರಲ್ಲಿಯೇ ತೆಗೆದುಹಾಕಿದರು.

ಬೇರೆಯವರು ಅಷ್ಟರಲ್ಲಿ ಬೇರೆ ದಾರಿಗಳನ್ನು ಕಂಡಿದ್ದರು. ಪಾಯಿಜೋ ಸಂಸ್ಥೆಯ ‘ಪಾತ್‌ಫೈಂಡರ್’ ಆಟದ ೨೦೧೯ರ ಎರಡನೆಯ ಆವೃತ್ತಿಯು ಜನಾಂಗವೆಂಬ ಮಾತನ್ನು ಬಿಟ್ಟು ವಂಶವೆಂಬರ್ಥದ ಮಾತನ್ನು ಹಿಡಿಯಿತು. ಕುಲವಿದ್ಯೆಗಳು ಅಲ್ಲಿ ಎಲ್ಲರಿಗೂ ಒಂದೇ ಸಲ ಬರುವುದಿಲ್ಲ. ಆಟಗಾರನು ಒಂದೊಂದಾಗಿ ಆರಿಸಿಕೊಳ್ಳಬೇಕು. ಸಾಕುಮಗನ ಪ್ರಶ್ನೆಗೂ ಅದು ನೇರವಾದ ಉತ್ತರವನ್ನಿತ್ತಿತು. ಬೇರೆ ಕುಲದವರ ನಡುವೆ ಬೆಳೆದ ಪಾತ್ರವು ಆ ಕುಲದ ವಿದ್ಯೆಗಳನ್ನು ಪಡೆಯಬಹುದು. ತನ್ನ ದೇಹದಲ್ಲಿ ಇಲ್ಲದ ಅವಯವವನ್ನು ಬೇಡುವ ಶಕ್ತಿಗಳನ್ನು ಮಾತ್ರ ಪಡೆಯಲಾರದು. ಎಲ್ಫನ ಬಿಲ್ಲು ಡ್ವಾರ್ಫನಿಗೆ ಬರಬಹುದು, ರೆಕ್ಕೆ ಬಾರದು. ೨೦೨೦ರ ‘ಆನ್‌ಸೆಸ್ಟ್ರಿ ಅಂಡ್ ಕಲ್ಚರ್’ ಎಂಬ ಸ್ವತಂತ್ರ ಗ್ರಂಥವು ವಂಶದ ಪಟ್ಟಿಯನ್ನೂ ಸಂಸ್ಕೃತಿಯ ಪಟ್ಟಿಯನ್ನೂ ಎರಡು ಬೇರೆ ಪ್ರಕರಣಗಳಾಗಿ ಬರೆಯಿತು. ೨೦೨೧ರ ‘ಲೆವೆಲ್ ಅಪ್’ ಎಂಬ ಆಟವು ಕೂಡ ವಂಶ, ಸಂಸ್ಕೃತಿ, ಹಿನ್ನೆಲೆ ಮೂರನ್ನೂ ಬೇರೆ ಬೇರೆ ಆಯ್ಕೆಗಳನ್ನಾಗಿ ಮಾಡಿತು. ೧೯೭೪ರ ಗಂಟು ಈ ಪುಸ್ತಕಗಳಲ್ಲಿ ಕೊನೆಗೂ ಬಿಚ್ಚಿತು.

೬

೨೦೨೪ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಐವತ್ತು ವರ್ಷ ತುಂಬಿತು. ಆ ವರ್ಷದ ಹೊಸ ಕೈಪಿಡಿಯಲ್ಲಿ ಜನಾಂಗವೆಂಬ ಮಾತಿಗೆ ಬದಲಾಗಿ ಜೀವಜಾತಿಯೆಂಬರ್ಥದ ಮಾತು ಬಂದಿದೆ. ಗುಣಾಂಕಗಳು ಕುಲವನ್ನು ಬಿಟ್ಟು ಹಿನ್ನೆಲೆಗೆ ಹೋಗಿವೆ. ಹೊಲದಲ್ಲಿ ದುಡಿದವನಿಗೆ ದೇಹಬಲ ಹೆಚ್ಚುವುದು, ಗ್ರಂಥಗಳ ನಡುವೆ ಬೆಳೆದವನಿಗೆ ಬುದ್ಧಿ ಹೆಚ್ಚುವುದು. ಡ್ವಾರ್ಫನ ಕೊಡಲಿಯ ಅಭ್ಯಾಸವೂ ಕಮ್ಮಾರಿಕೆಯೂ ಪಟ್ಟಿಯಿಂದ ಬಿದ್ದುಹೋಗಿವೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಡ್ವಾರ್ಫರ ಕಲ್ಲಿನ ಅರಿವು ೧೯೭೪ರಿಂದ ಅವರ ಹೆಗ್ಗುರುತಾಗಿ ಬಂದುದಷ್ಟೆ. ೨೦೧೪ರಲ್ಲಿ ಅದು ಕಲ್ಲುಕೆಲಸದ ಚರಿತ್ರೆಯನ್ನು ಬಲ್ಲ ಪಾಂಡಿತ್ಯವಾಗಿದ್ದಿತು. ೨೦೨೪ರಲ್ಲಿಯಾದರೋ ಕಲ್ಲನ್ನು ಮುಟ್ಟಿದ ಡ್ವಾರ್ಫನಿಗೆ ೬೦ ಅಡಿಗಳ ಸುತ್ತಿನಲ್ಲಿ ನಡೆದಾಡುವವರ ಕಂಪನವು ತಿಳಿಯುವುದೆಂಬ ಹೊಸ ಇಂದ್ರಿಯವಾಗಿ ಅದು ಮಾರ್ಪಟ್ಟಿದೆ. ಹುಟ್ಟಿನ ಪಟ್ಟಿಯಲ್ಲಿ ಉಳಿಯಬೇಕಾದರೆ ಅ��ು ದೇಹಧರ್ಮವೇ ಆಗಬೇಕಾಯಿತು. ಮಗನು ತಂದೆಯಿಂದ ಕಲಿತ ಕಸುಬು ಮೀಸೆಯಂತೆ ತಾನೇ ಮೂಡುವ ವಸ್ತುವಾಯಿತು. ವಿಂಗಡಣೆಯಲ್ಲಿ ತರ್ಕವು ಗೆದ್ದಿತು; ಆದರೆ ಕಸುಬೊಂದು ಕಳೆದುಹೋಯಿತು.

ಹೊಸ ಏರ್ಪಾಡನ್ನು ಒಪ್ಪದವರಲ್ಲಿ ಎರಡು ಪಕ್ಷಗಳಿವೆ. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಮೊದಲ ಪಕ್ಷದವರು ಹೇಳುವುದು ಹೀಗೆ: ಕಲ್ಪಿತ ಕುಲಗಳು ಮನುಷ್ಯರ ಜಾತಿಗಳಲ್ಲ, ಬೆಂಕಿಯುಗುಳುವವನಿಗೆ ಅದನ್ನು ಕಲಿಸಿದ ಗುರುವನ್ನು ಹುಡುಕಬೇಕಾಗಿಲ್ಲ, ಮೂರಡಿಯವನಿಗೂ ಎಂಟಡಿಯವನಿಗೂ ಬಲ ಒಂದೇ ಎಂದರೆ ನಂಬುವುದು ಕಷ್ಟ. ಇದು ದೇಹಧರ್ಮದ ಮಟ್ಟಿಗೆ ಸರಿಯಾದ ಮಾತು. ಕರ್ಣನ ಕವಚವು ಕಲಿತು ಬಂದುದೆಂದು ಯಾರೂ ಹೇಳಲಾರರು. ಎರಡನೆಯ ಪಕ್ಷದ ಆಕ್ಷೇಪಣೆ ಇನ್ನೂ ಸೂಕ್ಷ್ಮವಾದುದು. ಕಲಿಕೆಯನ್ನೆಲ್ಲ ಒಬ್ಬೊಬ್ಬ ವ್ಯಕ್ತಿಯ ಹಿನ್ನೆಲೆಗೆ ಸೇರಿಸಿದರೆ, ಒಂದು ಜನವು ಕೂಡಿ ಕಲಿತು ಮಕ್ಕಳಿಗೆ ಕೊಡುವ ವಿದ್ಯೆಗೆ ಪುಸ್ತಕದಲ್ಲಿ ಸ್ಥಳವೇ ಇಲ್ಲದಂತಾಗುವುದು. ಡ್ವಾರ್ಫರ ಗಣಿ, ಎಲ್ಫರ ಹಾಡು, ಓರ್ಕರ ಡೇರೆ ಎಲ್ಲವೂ ಮರೆಯಾಗಿ, ಬೇರೆ ಬೇರೆ ಮೈಬಣ್ಣದ ಒಂದೇ ಬಗೆಯ ಜನರು ಉಳಿಯುವರು. ಹುಟ್ಟು ಮತ್ತು ವ್ಯಕ್ತಿ ಇವೆರಡರ ನಡುವೆ ಸಂಪ್ರದಾಯವೆಂಬ ಮೂರನೆಯದೊಂದಿದೆ. ಅದು ರಕ್ತದಲ್ಲಿ ಹರಿಯದು, ಒಬ್ಬನ ಇಷ್ಟದಿಂದಲೂ ಹುಟ್ಟದು. ನುಡಿಯೇ ಇದಕ್ಕೆ ನಿದರ್ಶನ. ಮಾತನಾಡುವ ಶಕ್ತಿ ಕೂಸಿನೊಡನೆ ಹುಟ್ಟುವುದು. ಯಾವ ಮಾತನ್ನು ಆಡುವುದೆಂಬುದು ತೊಟ್ಟಿಲನ್ನು ತೂಗಿದವರಿಂದ ಬರುವುದು. ಆ ಮಾತಿನಲ್ಲಿ ಏನನ್ನು ಹೇಳುವುದೆಂಬುದು ಬೆಳೆದವನಿಗೆ ಬಿಟ್ಟದ್ದು. ವಂಶವನ್ನೂ ಸಂಸ್ಕೃತಿಯನ್ನೂ ಹಿನ್ನೆಲೆಯನ್ನೂ ಮೂರಾಗಿ ಬರೆದ ಪುಸ್ತಕಗಳು ಈ ವ್ಯವಸ್ಥೆಗೆ ಎಲ್ಲಕ್ಕಿಂತ ಹತ್ತಿರ ಬಂದಿವೆ.

ಯಾವ ಶಕ್ತಿಯನ್ನು ಯಾವ ಪಟ್ಟಿಯಲ್ಲಿ ಬರೆಯಬೇಕೆಂಬ ಸಂದೇಹ ಬಂದಾಗ, ಆಟಗಾರರು ತಾವೇ ಕಂಡುಕೊಂಡ ಸಾಕುಮಗನ ಪರೀಕ್ಷೆಯು ಒಳ್ಳೆಯ ಒರೆಗಲ್ಲು. ಬೇರೆಯವರ ಮನೆಯಲ್ಲಿ ಬೆಳೆದರೂ ಅವನಲ್ಲಿ ಉಳಿಯುವುದಾವುದು, ಉಳಿಯದುದಾವುದು ಎಂದು ಕೇಳಿದರೆ ಬಹುಮಟ್ಟಿಗೆ ಉತ್ತರ ದೊರೆಯುವುದು. ಕತ್ತಲಲ್ಲಿ ಕಾಣುವ ಕಣ್ಣು ಉಳಿಯುವುದು. ಕೊಡಲಿಯ ವರಸೆ ಉಳಿಯದು. ಇಷ್ಟು ಸರಳವಾದ ಪರೀಕ್ಷೆಯನ್ನು ಒಂದು ವಿನೋದದ ಆಟವು ಒಪ್ಪಿಕೊಳ್ಳುವುದಕ್ಕೆ ಅರ್ಧ ಶತಮಾನ ಹಿಡಿಯಿತು. ಕರ್ಣನೂ ಸಾಕುಮಗನೇ. ಸೂತನ ಮನೆಯಲ್ಲಿ ಬೆಳೆದಾಗಲೂ ಅವನ ಮೈಮೇಲಿನ ಕವಚವು ಉಳಿದಿದ್ದಿತು. ಬಿಲ್ಲನ್ನು ಮಾತ್ರ ಅವನು ಗುರುವನ್ನು ಹುಡುಕಿಕೊಂಡು ಹೋಗಿ ಕಲಿಯಬೇಕಾಯಿತು. ಅಲ್ಲಿಯೂ ಗುರುವು ಮೊದಲು ಕೇಳಿದುದು ಅವನ ಹುಟ್ಟನ್ನೇ.